ಎರಡನೇ ಕೈ ಬಿಳಿ

ಯುದ್ಧವಿಮಾನಗಳ ಪುಟ್ಟ ಮಾದರಿಗಳನ್ನು ಹವ್ಯಾಸಕ್ಕೆ ಮಾಡುವವರು ಹಲವರಿದ್ದಾರೆ. ಮೂಲ ವಿಮಾನ ಹಾರಿದ ವರ್ಷದಲ್ಲಿ ಅದರ ಮೈಮೇಲಿದ್ದ ಬಣ್ಣ, ಗುರುತುಗಳನ್ನೇ ಮಾದರಿಗೂ ಹಚ್ಚಬೇಕೆಂಬ ವ್ರತ ಹಿಡಿದವರು ನಮ್ಮ ಕರಾವಳಿಯಲ್ಲಿ ನಾನು ಬಲ್ಲಂತೆ ಒಬ್ಬರೇ. ಅವರು ಈಚೆಗೆ ಕುಮಟಾದಲ್ಲಿ ಚಿತ್ರಕಲಾ ಶಿಕ್ಷಕರಾಗಿ ನಿವೃತ್ತರಾದ ಶ್ರೀ ನಾಗಪತಿ ಪಟಗಾರರು. ಅವರನ್ನು ಅಭಿನಂದಿಸಲು ಕುಳಿತಾಗ ಬೀಳ್ಕೊಡುಗೆಯ ದಿನ ನೆನಪಾಗಿ, ಸಂತೋಷಕ್ಕಿಂತ ಮೊದಲು ನಾಚಿಕೆ ಬರುತ್ತದೆ.

ಜಾಲಿ ಊರಿನ ಶಾಲೆಯಲ್ಲಿ ಸೇವೆ ಆರಂಭಿಸಿದ ಮಾಸ್ತರರು ಮುಂದೆ ಹೊನ್ನಾವರಕ್ಕೆ ಬಂದರು. ಅಲ್ಲಿ ಸಂತೋಷ ಎಂಬ ವಿದ್ಯಾರ್ಥಿಗೆ ಕೆಂಪು, ಹಸಿರುಗಳ ಭೇದ ಕಾಣುತ್ತಿರಲಿಲ್ಲ. ಉಳಿದವರು ನಗುವ ಮೊದಲೇ ಮಾಸ್ತರರು ತರಗತಿಯ ಎಲ್ಲ ಬಣ್ಣದ ಡಬ್ಬಿಗಳ ಮೇಲೂ ಹೆಸರು ಬರೆದಿಟ್ಟರು. ಆ ಸಂತೋಷ ಇಂದು ಭಟ್ಕಳದ ಬಂದರಿನಲ್ಲಿ ದೋಣಿಗಳಿಗೆ ಹೆಸರು ಬರೆಯುತ್ತಾರೆ. ಇಷ್ಟು ಮೃದುವಾದ ಮನುಷ್ಯ ತಪ್ಪು ಗುರುತಿನ ವಿಷಯದಲ್ಲಿ ಮಾತ್ರ ಕಠೋರರು. ೧೯೪೫ರಲ್ಲಿ ಬಂದ ಬಿಳಿ ಪಟ್ಟಿ ೧೯೪೩ರ ವಿಮಾನಕ್ಕೂ ಇದ್ದರೆ ಏನಾಯಿತೆಂದು ಪತ್ರಿಕೆ ನಡೆಸುವ ನಾನೊಮ್ಮೆ ಕೇಳಿದ್ದಕ್ಕೆ, "ನಿಮ್ಮ ಪೇಪರ್‌ನಾಗೆ ನಾಳಿನ ಸುದ್ದಿ ಇವತ್ತೇ ಹಾಕ್ತ್ರೇನು?" ಎಂದಿದ್ದರು.

ಸೇವೆಯ ಕೊನೆಯ ವರ್ಷ ಅವರು ಮಾಡಿದ್ದು ಎರಡನೇ ಮಹಾಯುದ್ಧದ ಬರ್ಮಾ ರಂಗದಲ್ಲಿ ಭಾರತೀಯ ದಳ ಹಾರಿಸಿದ ಹರಿಕೇನ್ ವಿಮಾನ. ಅದನ್ನು ಮಾಡಿದ್ದು ಬಾಡ ಊರಿನ ಗಣಪ ಹರಿಕಂತ್ರರಿಗಾಗಿ. ಎಂಬತ್ತು ದಾಟಿದ ಈ ಹಿರಿಯರು ಅಪ್ಪನ ಮುಖ ಕಂಡವರಲ್ಲ. ವಾಯುಪಡೆಯಲ್ಲಿ ವಿಮಾನಗಳಿಗೆ ಬಣ್ಣ ಬಳಿಯುತ್ತಿದ್ದ ಅಪ್ಪ ಬರ್ಮಾ ಗಡಿಯಲ್ಲಿ ಜ್ವರದಿಂದ ತೀರಿಕೊಂಡರು. ಅಪ್ಪನ ಕೆಲಸವೆಂತದೆಂದು ಕೇಳಿದರೆ ತಾಯಿ, "ವಿಮಾನದ ಕುಂಕುಮ ಅಳಸೂದು" ಎನ್ನುತ್ತಿದ್ದರು. ಊರ ಹುಡುಗರಿಗೆ ಅಷ್ಟೇ ಸಾಕಾಯಿತು. ಗಣಪ ದೋಣಿ ಹತ್ತುವಾಗಲೂ "ಕುಂಕುಮ ಅಳಸೂನ ಮಗ ಬಂದ" ಎಂದು ಛೇಡಿಸಿದರು. ಅಪಶಕುನವೆಂದು ಕೆಲವರು ಬಲೆ ಬೀಸಲೂ ಜೊತೆಗೆ ಕರೆಯಲಿಲ್ಲ.

ತಾಯಿಯ ಮಾತು ನಿಜವೆಂದು ಗಣಪರಿಗೆ ತಿಳಿಸಿದವರು ಮಾಸ್ತರರು. ಆಗಿನ ಬ್ರಿಟಿಷ್ ಪಡೆಯ ವಿಮಾನದ ರೆಕ್ಕೆಯ ಗುರುತು, ನೀಲಿ ವೃತ್ತದ ನಡುವೆ ಕೆಂಪು ಬೊಟ್ಟು. ಎದುರಾಳಿ ಜಪಾನಿನ ಗುರುತೂ ಕೆಂಪು ವೃತ್ತವೇ. ನಮ್ಮವರು ನಮ್ಮವರ ಮೇಲೆಯೇ ಗುಂಡು ಹಾರಿಸದಿರಲೆಂದು ಆ ಕೆಂಪನ್ನು ಬಿಳಿ ಬಳಿದು ಮುಚ್ಚಿದರು. ಅಳಿಸಿದ ಕೈ ಜೀವ ಉಳಿಸಿದ ಕೈ. ಇದನ್ನು ಊರಿನ ಮುಂದೆ ಹೇಳಬೇಕು, ಬಿಳಿ ನಡುವಿನ ವಿಮಾನವನ್ನು ಎಲ್ಲರೆದುರು ಗಣಪರ ಕೈಗೆ ಕೊಡಬೇಕು: ಬೀಳ್ಕೊಡುಗೆಗೆ ಮಾಸ್ತರರು ಒಪ್ಪಿದ್ದು ಈ ಒಂದೇ ಷರತ್ತಿನ ಮೇಲೆ.

ನಾವು ಬೀಳ್ಕೊಡುಗೆ ಸಮಿತಿಯವರು ಷರತ್ತು ಒಪ್ಪಿದೆವು, ಕಾರಣ ಕೇಳಲಿಲ್ಲ. ಅಂದು ಸ್ವಾಗತದ ಹೊಣೆ ಹೊತ್ತಿದ್ದ ಮಹಾಲಕ್ಷ್ಮೀ ಅವರು, ಹೊಸ ಗಾಡಿಗೆ ಮಾಡುವಂತೆ, ಆರತಿ ಎತ್ತಿ ಒದ್ದೆ ಕುಂಕುಮವನ್ನು ಎರಡೂ ರೆಕ್ಕೆಗಳ ಬಿಳಿಯ ನಡುವೆ ಹಚ್ಚಿದರು. ನಾವು ಚಪ್ಪಾಳೆ ತಟ್ಟಿದೆವು. ಮಾಸ್ತರರು ಗಡಬಡಿಸಿ ಎದ್ದು ಕರವಸ್ತ್ರದಿಂದ ಒರೆಸಿದರು. ಹೊಳಪಿಲ್ಲದ ಬಣ್ಣ ಕುಂಕುಮವನ್ನು ಹೀರಿಕೊಂಡಿತ್ತು.

"ಎಂತ ಮಾಸ್ತರೆ, ಒಂದು ಬೊಟ್ಟಿಗೆ ಯುದ್ಧ ಸೋತ್ರಾ?" ಎಂದರು ಸಮಿತಿಯ ಅಧ್ಯಕ್ಷ ಮೋಹನರು. ಸಭೆ ನಕ್ಕಿತು. ನಾನೂ ನಕ್ಕೆ.

ಮುಂದಿನ ಸಾಲಿನಿಂದ ಗಣಪರು ಎದ್ದು ಬಂದರು. ರೆಕ್ಕೆಯನ್ನು ದಿಟ್ಟಿಸಿ, "ನನ್ನಪ್ಪ ಅಳಸಿದ್ದು ಇದನ್ನೇ ಅಲ್ಲನ ಮಾಸ್ತರೆ?" ಎಂದರು.

"ಹೌದು, ಇದನ್ನೇ."

"ಹಂಗಾರೆ ನೀವು ಬಿಡಿ. ಬ್ರಶ್ ಇಲ್ಲಿ ಕೊಡಿ."

ಮಾಸ್ತರರು ಚೀಲದಿಂದ ಬ್ರಶ್ಶು, ಬಿಳಿಯ ಡಬ್ಬಿ ತೆಗೆದುಕೊಟ್ಟು, ವಿಮಾನವನ್ನು ಅಲುಗದಂತೆ ಹಿಡಿದರು. ಗಣಪರು ಬಳಿದರು. ಮೋಹನರ ಕೈಯಲ್ಲಿ ಶಾಲು ಮಡಿಸಿದಂತೆಯೇ ಇತ್ತು.

"ಇನ್ನೂ ಕೆಂಪು ಕಾಣ್ತದಲ್ರಾ," ಎಂದರು ಗಣಪರು.

"ಒಣಗ್ಲಿ. ಬಿಳಿ ಇನ್ನೊಂದ್ ಸಲ ಬಳೀಬೇಕು, ಎರಡನೇ ಕೈ ಬೇಕು," ಎಂದರು ಮಾಸ್ತರರು.

ಅದು ಒಣಗುವವರೆಗೆ ಯಾರೂ ಭಾಷಣ ಮಾಡಲಿಲ್ಲ. ಆ ನಡುವೆ ಮಾಸ್ತರರು ಮೈಕಿಲ್ಲದೆ, ಗಣಪರ ಅಪ್ಪನ ಕೆಲಸ ಏನಾಗಿತ್ತೆಂದು ಹೇಳಿದರು.

ವಿಮಾನ ಈಗ ಬಾಡದಲ್ಲಿ ಗಣಪರ ಮನೆಯಲ್ಲಿದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಕೆಂಪಿನ ನೆರಳು ಇನ್ನೂ ಕಾಣುತ್ತದೆಯಂತೆ. ಮೂರನೇ ಕೈ ಹಚ್ಚಿಸಲು ಹೋಗಿಬರುವುದಾಗಿ ಮಾಸ್ತರರು ಹೇಳಿದ್ದಾರೆ. ಅವರ ಕಣ್ಣು ಮಂಜಾಗದಿರಲಿ, ಕೈ ನಡುಗದಿರಲಿ, ಇನ್ನೂ ಅನೇಕ ವಿಮಾನಗಳು ಅವರ ಮೇಜಿನಿಂದ ತಮ್ಮ ನಿಜವಾದ ಬಣ್ಣದಲ್ಲಿ ಹೊರಬರಲಿ. ಮುಂದಿನ ಸಲ ಆರತಿ ತಟ್ಟೆ ಎತ್ತುವ ಮೊದಲು ನಾವು ಅವರನ್ನು ಒಂದು ಮಾತು ಕೇಳುತ್ತೇವೆ.