ಡಿಪೋ ಹಿಂದಿನ ಬಾವಿ

ಮೇಸ್ತ್ರಿಯ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಚಿಕ್ಕಂದಿನಲ್ಲೇ ನಾಗಮಂಗಲದಲ್ಲಿದ್ದ ಅಪ್ಪನ ಕುಲುಮೆಯಲ್ಲಿ ಸುಟ್ಟುಹೋಗಿತ್ತಂತೆ. ಪೆಟ್ರೋಲು ಸೋರಿದ ಜಾಗ ಹುಡುಕುವಾಗ ಆ ಬೋಳು ಬೆರಳಿನಿಂದ ಚಿಟಿಕೆ ಮಣ್ಣು ತಿಕ್ಕಿ, ಮೂಗಿನ ಹತ್ತಿರ ಹಿಡಿದು, "ಇಲ್ಲಿಲ್ಲ ಸಾ, ಇನ್ನೊಂದ್ ಮಾರು ಆಚೆಗ್ ಇಳ್ಸಣ" ಎನ್ನುತ್ತಿದ್ದರು. ತಾವೇ ಬಡಿದು ಮಾಡಿಕೊಂಡ, ನೆಲ ಕೊರೆಯುವ ಬೈರಿಗೆಯನ್ನು ಅಲ್ಲಿ ಇಳಿಸಿದರೆ ಎಣ್ಣೆ ಕುಡಿದ ಕಪ್ಪು ಮಣ್ಣು ಮೇಲೆ ಬರುತ್ತಿತ್ತು. ಮಣ್ಣು, ನೀರು ಪರೀಕ್ಷೆ ಮಾಡುವ ನಮ್ಮ ಲ್ಯಾಬಿನಲ್ಲಿ ಭೂವಿಜ್ಞಾನದ ಎಂಎಸ್ಸಿ ಮಾಡಿದವನು ನಾನು. ಅಲ್ಲೇ ಸ್ಯಾಂಪಲ್ ತೆಗೆಯುವ ಕೆಲಸದಲ್ಲಿದ್ದ, ಏಳನೇ ಕ್ಲಾಸು ದಾಟದವರು ಅವರು. ಆದರೂ ಫೋನು ಮಾಡಿದವರೆಲ್ಲ ಕೇಳುತ್ತಿದ್ದುದು "ಮೇಸ್ತ್ರಿ ಬರ್ತಾವ್ರಾ?" ಎಂದೇ. ನನಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಸ್ಯಾಂಪಲ್ ತೆಗೆಯುವ ದಿನ ಅವರು ತಲೆಗೆ ಎಣ್ಣೆ ಹಚ್ಚುತ್ತಿರಲಿಲ್ಲ. ದಾರಿಯಲ್ಲಿ ಜೀಪನ್ನು ಬಂಕಿನ ಕಡೆ ತಿರುಗಿಸಲೂ ಬಿಡುತ್ತಿರಲಿಲ್ಲ. "ನಮ್ ಕೈ ಎಣ್ಣೆನ ಊರೋರ್ ಬಾವಿ ಮ್ಯಾಲೆ ಆಕ್ಬಾರ್ದು ಕಣಪ್ಪ" ಎಂದು ಡ್ರೈವರನಿಗೆ ಹೇಳುವರು. ನೀರಿನ ಬಾಟಲಿಯನ್ನು ಬಾಯಿಮಟ್ಟ ತುಂಬಿ, ಮುಚ್ಚಳ ಬಿಗಿದು, ತಲೆಕೆಳಗು ಮಾಡಿ ನೋಡುವರು. ಸಾಸಿವೆಯಷ್ಟು ಗುಳ್ಳೆ ಕಂಡರೂ ಚೆಲ್ಲಿ ಮತ್ತೆ ತುಂಬಬೇಕು. ಒಳಗೆ ಗಾಳಿಗೆ ಜಾಗವಿದ್ದರೆ ಪೆಟ್ರೋಲಿನ ಅಂಶ ನೀರು ಬಿಟ್ಟು ಹಾರಿಹೋಗುತ್ತದೆ, ಪರೀಕ್ಷೆಯಲ್ಲಿ ಕೆಟ್ಟ ನೀರೂ ಒಳ್ಳೆಯ ನೀರಾಗಿಬಿಡುತ್ತದೆ. ಇದು ನನ್ನ ಪುಸ್ತಕದಲ್ಲೂ ಇತ್ತು. ಅವರ ಬಾಯಿಂದ ಕೇಳಿದಾಗ ಮಾತ್ರ ಮೈ ಉರಿಯುತ್ತಿತ್ತು.

ಒಮ್ಮೆ ಸಿಂಧಘಟ್ಟದ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ನನ್ನ ಓದಿನ ಬಗ್ಗೆ ಒಂದು ದಿನವೂ ಕೇಳದ ನಮ್ಮಪ್ಪ ಅವರನ್ನು ಹೊಲದುದ್ದಕ್ಕೂ ತಿರುಗಿಸಿಕೊಂಡು ಬಂದು, "ಕೆಲ್ಸ ಅಂದ್ರೆ ಇಂಗ್ ಕಲೀಬೇಕು ಕಣ್ಲಾ" ಎಂದ. ನಾನು ಮುದ್ದೆ ಅರ್ಧಕ್ಕೇ ಬಿಟ್ಟು ಕೈ ತೊಳೆಯಲು ಎದ್ದೆ.

ಪಾಂಡವಪುರದ ಹತ್ತಿರ ಮುಚ್ಚಿಹೋದ ಪೆಟ್ರೋಲು ಡಿಪೋ ಒಂದಿತ್ತು. ಟ್ಯಾಂಕುಗಳನ್ನು ಕಿತ್ತು ಸಾಗಿಸಿದ್ದರು. ಹಿಂದಿನ ನಾಲ್ಕು ಮನೆಯವರು ಅಲ್ಲಿನ ಬಾವಿ ನೀರನ್ನೇ ಕುಡಿಯುತ್ತಿದ್ದರು. ಆ ನೀರಿನ ಪರೀಕ್ಷೆ ನಮಗೆ ಬಂದಾಗ ಮೇಸ್ತ್ರಿ ಮಗಳ ಮದುವೆಗೆಂದು ರಜೆಯಲ್ಲಿದ್ದರು. ಇವರಿಲ್ಲದೆಯೂ ಮಾಡಿ ತೋರಿಸುತ್ತೇನೆಂದು ಒಬ್ಬನೇ ಹೋದೆ. ಗುಳ್ಳೆ ನೋಡುವುದು ಅವರ ಶಾಸ್ತ್ರ, ನನಗ್ಯಾಕೆ ಎಂದುಕೊಂಡು ಬಾಟಲಿಗಳನ್ನು ಮುಕ್ಕಾಲು ತುಂಬಿದೆ. ಶ್ರೀರಂಗಪಟ್ಟಣದಲ್ಲಿ ನಾನು ಊಟ ಮುಗಿಸುವವರೆಗೆ ಅವು ಐಸಿಲ್ಲದೆ, ಬಿಸಿಲಲ್ಲಿ ನಿಂತ ಜೀಪಿನಲ್ಲೇ ಇದ್ದವು. ನೀರು ಶುದ್ಧವಾಗಿದೆ ಎಂದು ವರದಿಯಾಯಿತು. ನಾನೇ ಸಹಿ ಹಾಕಿದೆ.

ಮದುವೆ ಮುಗಿಸಿ ಬಂದ ಮೇಸ್ತ್ರಿ ಲ್ಯಾಬಿನಲ್ಲಿ ಉಳಿದಿದ್ದ ಒಂದು ಬಾಟಲಿ ಎತ್ತಿ ನೋಡಿದರು.

"ಸಾ, ಇನ್ನೊಂದ್ ಸಲ ತೆಗ್ಯಣ. ಮಕ್ಳು ಕುಡ್ಯೋ ನೀರು."

"ನನ್ನ ವರದಿ ಮೇಲೆ ಅನುಮಾನವಾ?"

"ವರದಿ ಮ್ಯಾಲಲ್ಲ ಸಾ, ಬಾಟ್ಲಿ ಮ್ಯಾಲೆ."

ತಪ್ಪು ನನಗೆ ಆಗಲೇ ತಿಳಿದುಹೋಗಿತ್ತು. ಆದರೂ ಅವರು ದಿನಾ ಬೆಳಿಗ್ಗೆ ಬಂದು ಕೇಳಿದರೆ ನಾನು ಜೀಪಿಲ್ಲ ಎನ್ನುತ್ತಿದ್ದೆ. ಹೀಗೆ ಎಂಟು ದಿನ. ಆ ಎಂಟು ದಿನವೂ ನಾಲ್ಕು ಮನೆಯವರು ಅದೇ ನೀರು ಕುಡಿದರು.

ಒಂಬತ್ತನೇ ದಿನ ಮೇಸ್ತ್ರಿ ಐಸಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿ ನೀರು ತಂದರು. ಪೆಟ್ರೋಲು ಸಿಕ್ಕಿತು. ಬಾವಿಗೆ ಮುಚ್ಚಳ ಬಿತ್ತು, ಮನೆಗಳಿಗೆ ನಲ್ಲಿ ಬಂತು. ಎರಡನೇ ವರದಿಗೂ ನನ್ನ ಸಹಿಯನ್ನೇ ಹಾಕಿಸಿದರು. ಎಂಟು ದಿನದ ಮಾತನ್ನು ಯಾರ ಮುಂದೆಯೂ ಎತ್ತಲಿಲ್ಲ. ಎತ್ತಿ ಆಡಿದ್ದರೆ ಅವರನ್ನು ದ್ವೇಷಿಸಲು ನನಗೊಂದು ನೆವವಾದರೂ ಸಿಗುತ್ತಿತ್ತು.

ಹೋದ ವರ್ಷ ಮೇಸ್ತ್ರಿ ತೀರಿಕೊಂಡರು. ನಾಗಮಂಗಲದ ಅವರ ಮನೆಯ ಮುಂದೆ ಡಿಪೋ ಹಿಂದಿನ ಆ ಮನೆಗಳವರೂ ನೆರೆದಿದ್ದರು. ಅಷ್ಟು ಜನ ಅಳುವುದನ್ನು ಕಂಡು, ನಾನು ಸತ್ತರೆ ಇಷ್ಟು ಮಂದಿ ಬಂದಾರೆಯೇ ಎಂದು ಆಗಲೂ ಕರುಬಿದೆ. ಬಾವಿಯ ಮನೆಗಳ ಒಬ್ಬ ಅಜ್ಜಿ ಬಂದು ನನ್ನ ಕೈ ಹಿಡಿದುಕೊಂಡರು.

"ನೀವೇ ಅಲ್ವಾ ಸಾ, ಬಾವಿ ಮುಚ್ಸಿದ್ದು? ಮೇಸ್ತ್ರಿ ಏಳ್ತಿದ್ರು. ನಮ್ ಸಾರೇ ಪಟ್ಟು ಇಡ್ದು ಇನ್ನೊಂದ್ ಸಲ ನೀರು ನೋಡ್ಸುದ್ರು, ಇಲ್ದಿದ್ರೆ ನಿಮ್ ಮೊಮ್ಮಕ್ಳು ಇನ್ನೂ ಅದ್ನೇ ಕುಡೀತಿದ್ವು ಅಂತ."

ಅಲ್ಲಮ್ಮ, ಎಂಟು ದಿನ ಹೆಚ್ಚಿಗೆ ಕುಡಿಸಿದವನು ನಾನು ಎನ್ನಬೇಕಿತ್ತು. ಮೇಸ್ತ್ರಿ ಅಲ್ಲೇ, ನಾಲ್ಕು ಹೆಜ್ಜೆ ಆಚೆ ಮಲಗಿದ್ದರು. ನಾನು ಹೂಂ ಎಂದು ತಲೆಯಾಡಿಸಿದೆ.