ಪ್ರೊಫೆಸರ್ ಹಿದಾಯತನಿಗೆ ಗೊತ್ತಿಲ್ಲದ್ದು

ಹಿದಾಯತ್ ದಾವಣಗೆರೆಯ ಮಂಡಿಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸದಲ್ಲಿದ್ದ. ರಜೆ ಸಿಕ್ಕಾಗ ಮಿಲ್ಲಿನವರ ಸಂಘದಲ್ಲೋ ಗಣಪತಿ ಪೆಂಡಾಲಿನಲ್ಲೋ ‘ಪ್ರೊಫೆಸರ್ ಹಿದಾಯತ್’ ಆಗುತ್ತಿದ್ದ. ಜನರ ಮನಸ್ಸಿನಲ್ಲಿದ್ದುದನ್ನು ಓದಿ ಹೇಳುವ ಆಟ ಅವನದು. ಎಪ್ಪತ್ತರ ದಶಕದ ಶುರುವಿನಲ್ಲಿ ಈ ಕಡೆ ಅಂಥ ಆಟ ಆಡುವವರು ಬೇರೆ ಇರಲಿಲ್ಲ. ಆದರೂ ಜನ ನಡುವೆಯೇ ಎದ್ದು ಹೋಗುತ್ತಿದ್ದರು.

ಯಾಕೆಂದು ಹೇಳಿದವನು ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚುತ್ತಿದ್ದ ಗೆಳೆಯ ಕರಿಬಸವರಾಜ. “ಒಂದ್ ಸಲ ಜೋಕ್ ಹೊಡೀತೀಯ, ಒಂದ್ ಸಲ ಸ್ವಾಮಿಗಳ ಹಂಗೆ ಕಣ್ ಮುಚ್ತೀಯ, ಆಮ್ಯಾಲೆ ಸೀರೆ ಮಾರೋನ ಹಂಗೆ ಬರ್ರಿ ಬರ್ರಿ ಅಂತೀಯ. ನೀನ್ಯಾರು ಅಂತ ಜನಕ್ಕೆ ಗೊತ್ತಾಗ್ಬೇಕಲ್ಲಪ್ಪ? ಯಾರೋ ಒಬ್ಬನಾಗು. ಪರದೆ ಬೀಳೋತನಕ ಅವನೇ ಆಗಿರು.”

ಹಿದಾಯತ್ ತಿಂಗಳುಗಟ್ಟಲೆ ಆ ಒಬ್ಬನನ್ನು ಹುಡುಕಿದ. ಕನ್ನಡಿ ಬಿಟ್ಟು ಏಳದೆ ಹೆಂಡತಿ ಖೈರುನ್ನೀಸಾಳ ಕೈಲಿ ಬೈಸಿಕೊಂಡ. ಕೊನೆಗೆ ಸಿಕ್ಕವನು ನಗದ, ಮೆಲ್ಲಗೆ ಮಾತಾಡುವ, ಯಾರದೋ ದುಃಖವನ್ನು ಹೊತ್ತಂತಿರುವ ಮನುಷ್ಯ. ಬಿಳಿ ಅಂಗಿ, ಬರಿಗಾಲು. ನೋಡಲು ಬಂದವರು ಹೆಸರು ಬರೆದುಕೊಟ್ಟ ಚೀಟಿಯನ್ನು ಹರಿದು, ತಟ್ಟೆಯಲ್ಲಿ ಸುಟ್ಟು, ತಲೆ ತಗ್ಗಿಸಿ “ನನಗೇನೂ ಗೊತ್ತಿಲ್ಲ” ಎನ್ನುತ್ತಿದ್ದ. ಸಭೆ ಉಸಿರು ಬಿಗಿಹಿಡಿಯುತ್ತಿತ್ತು. ಆಮೇಲೆ ಎದುರಿನವರ ಮುಖವನ್ನೇ ನೋಡುತ್ತ ಆ ಹೆಸರನ್ನು ನಿಧಾನವಾಗಿ ಹೇಳುತ್ತಿದ್ದ. ಈಗ ಯಾರೂ ಎದ್ದು ಹೋಗುತ್ತಿರಲಿಲ್ಲ. ಬೀದಿಯಲ್ಲಿ ಕಂಡವರು ಕೈ ಮುಗಿಯತೊಡಗಿದ ಮೇಲೆ ಅವನು ಅಂಗಡಿಯಲ್ಲೂ ನಗುವುದನ್ನು ಬಿಟ್ಟ.

ಹರಿಹರದ ಒಂದು ಕಾಲೊನಿಯ ಆಟದಲ್ಲಿ ಅವನು ಟೀಚರೊಬ್ಬರಿಗೆ ಅವರ ತೀರಿಹೋದ ತಾಯಿಯ ಹೆಸರು ಹೇಳಿದ. ಅವರು ವೇದಿಕೆಯ ಮೇಲೇ ಅತ್ತುಬಿಟ್ಟರು. ಹಿಂದೆ ನಿಂತಿದ್ದವರಲ್ಲಿ ಲೋಕಿಕೆರೆಯ ಓಬಕ್ಕನೂ ಇದ್ದಳು. ಅವಳ ಗಂಡ ಗಿಡ್ಡಪ್ಪ ಕೆಲಸಕ್ಕೆಂದು ಹರಿಹರಕ್ಕೆ ಹೋದವನು, ಬೇಸಿಗೆ ಕಳೆದರೂ ಮನೆಗೆ ಬಂದಿರಲಿಲ್ಲ. ಅವನನ್ನು ಹುಡುಕಿಕೊಂಡೇ ಬಂದಿದ್ದಳು.

ಮುಂದಿನ ವಾರ ಅವಳು ಹಿದಾಯತನ ಮನೆಯ ಕಟ್ಟೆಯ ಮೇಲೆ ಕೂತಿದ್ದಳು.

“ಸಾಬ್ರೆ, ನಮ್ಮನೆಯವ್ರು ಎಲ್ಲಿ ಅದಾರೆ ಹೇಳ್ರಿ.”

“ನನಗೇನೂ ಗೊತ್ತಿಲ್ಲಕ್ಕ.”

ಓಬಕ್ಕ ಕೈ ಮುಗಿದು ಅವನ ಬಾಯನ್ನೇ ನೋಡುತ್ತ ಕೂತಳು. ವೇದಿಕೆಯ ಮೇಲೆ ಆ ಮಾತಿನ ಬೆನ್ನಿಗೇ ಹೆಸರು ಬರುತ್ತಿತ್ತು; ಅವಳು ಅದಕ್ಕೇ ಕಾಯುತ್ತಿದ್ದಾಳೆಂದು ಹಿದಾಯತನಿಗೆ ಹೊಳೆಯಿತು.

ಅವನು ಯಾವ ಆಟಗಾರನೂ ಮಾಡದ ಕೆಲಸ ಮಾಡಿದ. ಖೈರುನ್ನೀಸಾಳಿಂದ ಒಂದು ಹೆಸರು ಬರೆಸಿ, ಚೀಟಿ ಹರಿದು, ಹೆಸರಿದ್ದ ನಡುವಿನ ತುಂಡು ಬೆರಳ ಸಂದಿಯಲ್ಲಿ ಉಳಿದದ್ದನ್ನು ಅಂಗೈ ಬಿಚ್ಚಿ ತೋರಿಸಿದ. “ಇಷ್ಟೇ ಅಕ್ಕ. ಕಳ್ಳಾಟ ಇದು.”

“ಅದು ಊರ ಮಂದಿಗೆ ಬಿಡ್ರಿ. ಕೆಟ್ಟ ಸುದ್ದಿ ಅಂತ ನನ್ನತ್ರ ಮುಚ್ಚಿಡ್ತೀರಿ ನೀವು. ನಿಮ್ಮ ಮುಖದಾಗೇ ಐತೆ.”

ಕನ್ನಡಿಯ ಮುಂದೆ ಕೂತು ಕಟ್ಟಿಕೊಂಡ ಮುಖ ಅದು. ಬೇರೆ ಮುಖ ತರಲು ಹೋಗಿ ಹಿದಾಯತ್ ನಕ್ಕ. ಓಬಕ್ಕ ಗಾಬರಿಯಾಗಿ ಅಳತೊಡಗಿದಳು.

“ಜೊತೆಗೆ ಹೋಗಿ ಹುಡುಕಿಯಾದ್ರೂ ಕೊಡ್ರಿ” ಎಂದಳು ಖೈರುನ್ನೀಸಾ, ಓಬಕ್ಕನ ಕೈಗೆ ಚಹಾ ಕೊಡುತ್ತ.

ಹಿದಾಯತ್, ಓಬಕ್ಕ ಇಬ್ಬರೂ ಬಸ್ಸು ಹತ್ತಿ ಹರಿಹರಕ್ಕೆ ಹೋದರು. ಹೋಟೆಲು, ಮರದ ಅಡ್ಡೆ, ರೈಲ್ವೆ ಸ್ಟೇಷನ್ನು, ಎಲ್ಲಾ ಕಡೆ ವಿಚಾರಿಸಿದರು. ಹಿದಾಯತ್ ಗಿಡ್ಡಪ್ಪನ ಗುರುತು ಹೇಳಿ ಕೇಳಿದರೆ ಜನ ಅವನನ್ನೇ ಕೌತುಕದಿಂದ ನೋಡುತ್ತಿದ್ದರು. ಲಾಡ್ಜಿನ ಮ್ಯಾನೇಜರನಂತೂ ಎದ್ದು ಕುರ್ಚಿ ಕೊಟ್ಟು, “ನೀವೇ ಬಂದ ಮ್ಯಾಲೆ ನಮ್ಮನ್ನೇನು ಕೇಳ್ತೀರಿ ಪ್ರೊಫೆಸರ್?” ಎಂದ. ಓಬಕ್ಕ ಯಾರನ್ನೂ ಕೇಳುತ್ತಿರಲಿಲ್ಲ. ಹಿದಾಯತ್ ನಿಂತಲ್ಲಿ ನಿಂತು, ಅವನ ಕಣ್ಣು ಹೋದ ಕಡೆ ನೋಡುತ್ತಿದ್ದಳು.

ಮಧ್ಯಾಹ್ನ ತುಂಗಭದ್ರೆಯ ಸೇತುವೆಗೆ ಬಂದಾಗ ಅವನಿಗೆ ಕಾಲು ಸೋತಿತ್ತು. ಇವಳನ್ನು ಊರಿಗೆ ಏನೆಂದು ಹೇಳಿ ಕಳಿಸಲಿ ಎಂದು ಯೋಚಿಸುತ್ತ ತಡೆಗೋಡೆಗೆ ಒರಗಿ ನೀರು ನೋಡಿದ.

“ಇಲ್ಲೇನ್ರಿ?” ಎಂದಳು ಓಬಕ್ಕ.

ಹಿದಾಯತ್ ಬೆಚ್ಚಿ ತಿರುಗಿದ. “ಅಯ್ಯೋ, ಇಲ್ಲಕ್ಕ. ನಾನು ಸುಮ್ಮನೆ ನಿಂತಿದ್ದೆ. ನನಗೇನೂ ಗೊತ್ತಿಲ್ಲ. ಅಲ್ಲಾನ ಆಣೆಗೂ ಗೊತ್ತಿಲ್ಲ.”

ಅವಳು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಎರಡೂ ಕೈಯನ್ನು ಕಲ್ಲಿಗೆ ಬಡಿದುಕೊಂಡಳು. ಬಳೆ ಚೂರಾಗಿ ಮುಂಗೈಯಿಂದ ರಕ್ತ ಇಳಿಯಿತು. ಹಿದಾಯತ್ ತಡೆಯಲು ಕೈ ಚಾಚಿ, ಪರ ಹೆಂಗಸನ್ನು ಹೇಗೆ ಮುಟ್ಟುವುದೆಂದು ನಿಂತುಬಿಟ್ಟ. ಸೇರಿದ ಜನಕ್ಕೆ ಯಾರೋ ವಿವರಿಸಿದರು: “ಪ್ರೊಫೆಸರ್ ನೀರು ತೋರಿಸಿದ್ರಂತೆ.”

ಆ ಸುದ್ದಿ ಅವನಿಗಿಂತ ಮೊದಲೇ ದಾವಣಗೆರೆ ಮುಟ್ಟಿತು. ಹಿದಾಯತ್ ಲೋಕಿಕೆರೆಗೆ ಹೋಗಿ ಗಿಡ್ಡಪ್ಪನ ಅಣ್ಣಂದಿರಿಗೆ ನಿಜ ಹೇಳಿದ. ಅವರು ಊಟಕ್ಕೆ ಕೂರಿಸಿ ಉಪಚಾರ ಮಾಡಿ ಕಳಿಸಿದರು. ಆಟವನ್ನಾದರೂ ಬದಲಿಸೋಣವೆಂದು ಕರಿಬಸವರಾಜನಿಂದ ಹಾಸ್ಯ ಬರೆಸಿಕೊಂಡು ವೇದಿಕೆಗೆ ಹೋದ. ಯಾರೂ ನಗಲಿಲ್ಲ. ಮುಂದಿನ ಸಾಲಿನವರು ಭಯಭಕ್ತಿಯಿಂದ ಕೇಳಿಸಿಕೊಂಡರು. ಅಲ್ಲಿಗೆ ಆಟ ನಿಲ್ಲಿಸಿದ.

ಎಂಬತ್ತರ ನಂತರ ಒಮ್ಮೆ ಓಬಕ್ಕ ಮಗಳ ಮದುವೆ ಸೀರೆಗೆಂದು ಅಂಗಡಿಗೆ ಬಂದಳು. ಮೈ ತುಂಬಿಕೊಂಡಿದ್ದಳು. “ನೀವು ತೋರಿಸಿದ್ದಕ್ಕೆ ಕಾರ್ಯ ಮಾಡಿ ಮುಗಿಸಿದ್ವಿ ಸಾಬ್ರೆ. ಈಗ ಕಣ್ಣಿಗೆ ನಿದ್ದೆ ಬರ್ತೈತೆ” ಎಂದಳು. ಹಿದಾಯತ್ ಇನ್ನೊಂದು ಸೀರೆ ಬಿಚ್ಚಿ ಹಾಸಿದ.

ಹರಿಹರಕ್ಕೆ ಹೋದಾಗ ಆಮೇಲೂ ಅವನು ಬಸ್‌ಸ್ಟ್ಯಾಂಡಿನಲ್ಲಿ ಗಂಡಸರ ಮುಖಗಳನ್ನು ನೋಡುತ್ತ ನಿಲ್ಲುತ್ತಿದ್ದ. ಗಿಡ್ಡಪ್ಪ ಸಿಗಲಿ ಎಂದು ನೋಡುತ್ತಿದ್ದನೋ, ಸಿಗದಿರಲಿ ಎಂದೋ, ಖೈರುನ್ನೀಸಾ ಕೇಳಿದರೆ “ನನಗೇನೂ ಗೊತ್ತಿಲ್ಲ” ಎನ್ನುತ್ತಿದ್ದ.