ಆರೋಗ್ಯಕ್ಕ ಕೈ ಮುಗಿದ ದಿನ

ಅಂದು ನಾನು ಕಂಡದ್ದು ನಿಜವೋ, ಆಮೇಲೆ ಎಲ್ಲರ ಬಾಯಲ್ಲಿ ಕೇಳಿ ಕೇಳಿ ಕಂಡಂತೆ ಆಯಿತೋ, ಖಚಿತವಾಗಿ ಹೇಳಲಾರೆ. ಇಂಥ ಅನುಭವಗಳನ್ನು ಬೇರೆಯವರು ಹೇಳಿದಾಗ ನಕ್ಕವನು ನಾನು. ಧಾರವಾಡದಲ್ಲಿ ಮನಶ್ಶಾಸ್ತ್ರ ಓದಿದ್ದೇನೆ. ಮನುಷ್ಯನ ನೆನಪು ಹೇಗೆ ಮೋಸಮಾಡುತ್ತದೆಂದು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೇನೆ.

ಆಗ ನನ್ನ ಕೆಲಸ ರಾಮದುರ್ಗ, ಸವದತ್ತಿ ಕಡೆಯ ಗುಡಿ, ಮಠ, ವಿಹಾರಗಳಿಗೆ 'ಆರೋಗ್ಯಕ್ಕ'ನನ್ನು ಒಯ್ಯುವುದು. ಆರೋಗ್ಯಕ್ಕ ಎಂದರೆ ಟಿವಿ ಪರದೆಯ ಮೇಲೆ ಮಾತಾಡುವ ಹೆಣ್ಣುಮಗಳ ಚಿತ್ರ, ನಡೆಸುವುದು ಕಂಪ್ಯೂಟರು. ಲಸಿಕೆಯ ಬಗ್ಗೆ ಏನು ಕೇಳಿದರೂ, ವೈದ್ಯರು ಒಪ್ಪಿದ ಉತ್ತರವನ್ನು ನಮ್ಮ ಕಡೆಯ ಕನ್ನಡದಲ್ಲೇ ಹೇಳುತ್ತಿದ್ದಳು. ಕಾಣುತ್ತಿದ್ದದ್ದು ಮುಖ ಮತ್ತು ಭುಜ ಮಾತ್ರ.

ಸಾಲಹಳ್ಳಿ ಹತ್ತಿರದ ಒಂದು ಊರಿನ ಬುದ್ಧ ವಿಹಾರದಲ್ಲಿ ಅವಳ ಮಾತು ನಡೆಯಲಿಲ್ಲ. ಅಲ್ಲಿ ಹುಡುಗಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆ ಹಾಕಿಸಬೇಕಿತ್ತು. ಹಾಕಿಸಿಕೊಂಡರೆ ಮಕ್ಕಳಾಗುವುದಿಲ್ಲವೆಂಬ ಸುದ್ದಿ ಮೊದಲೇ ಹಬ್ಬಿತ್ತು. ವಿಹಾರದ ಹಿರಿಯರು ಮಲ್ಲವ್ವ ಆಯಿ. ಅವರ ಸೊಸೆ ಅದೇ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದಳು. ತಾಯಿಯಿಲ್ಲದ ಮೊಮ್ಮಗಳು ಸುವರ್ಣಾಳನ್ನು ಸಾಕಿದವರು ಆಯಿ. ಅವರು ಹೂಂ ಅನ್ನದೆ ಆ ಕೇರಿಯ ಯಾವ ಹುಡುಗಿಯೂ ಬರುವಂತಿರಲಿಲ್ಲ.

"ಇಕಿಗಿ ಹೊಟ್ಟಿ ಐತೇನೋ ತಮ್ಮಾ?" ಆಯಿ ಪರದೆಯತ್ತ ಬೆರಳು ಮಾಡಿದರು. "ಹೊಟ್ಟಿನ ಇಲ್ಲದಾಕಿ ಮಕ್ಕಳಾಗೂ ಮಾತು ನನಗ ಹೇಳತಾಳಲ್ಲ!"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. "ಚಾ ಕೊಟ್ರ ಕುಡಿತಾಳೇನ್ ಕೇಳ ಆಯಿ," ಎಂದಳು ಒಬ್ಬಳು.

"ಅಕಿ ಹೇಳೂದು ಡಾಕ್ಟರ್ ಮಾತರಿ, ಆಯಿ," ಎಂದೆ.

"ಡಾಕ್ಟರ್ ಕಡಿಯವರೂ ಬಂದಿದ್ರು. ಹೊಸ್ತಲ ದಾಟಲಿಲ್ಲ. ನಾ ಕೈ ಮುಗದ್ರ ತಿರಗಿ ಒಬ್ಬರೂ ಮುಗೀಲಿಲ್ಲ. ಅಂಥವರ ಮಾತು ನಂಬಿ ನಮ್ಮ ಹುಡಗೀಗಿ ಸೂಜಿ ಚುಚ್ಚಸ್ಲೇನು?"

ಅಷ್ಟರಲ್ಲಿ ರವಿವಾರದ ವಂದನೆ ಶುರುವಾಯಿತು. ಟಿವಿಯ ಧ್ವನಿ ತಗ್ಗಿಸಿ ಗೋಡೆಗೊರಗಿ ಕೂತೆ. ವಂದನೆ ಮುಗಿದ ಮೇಲೆ ಒಬ್ಬರಿಗೊಬ್ಬರು ಕೈ ಮುಗಿಯುವುದು ಅಲ್ಲಿಯ ರೂಢಿ. ಆಯಿ ತಿರುಗಿದವರು, ಹಾಸ್ಯಕ್ಕೋ ರೂಢಿಯಿಂದಲೋ, ಪರದೆಗೂ ಕೈ ಮುಗಿದು "ನಮೋ ಬುದ್ಧಾಯ, ಆರೋಗ್ಯಕ್ಕಾ" ಎಂದರು.

ಆರೋಗ್ಯಕ್ಕ ಕೈ ಮುಗಿದಳು.

ನಾನು ಕಂಡದ್ದು ಇಷ್ಟೇ. ಎರಡು ಕೈ ನಿಧಾನವಾಗಿ ಮೇಲೆ ಬಂದು ಗದ್ದದ ಕೆಳಗೆ ಕೂಡಿದವು. ಮುಂಗೈಯಲ್ಲಿ ಹಸಿರು ಬಳೆ. ತಲೆ ತುಸು ಬಾಗಿತು.

"ಯವ್ವಾ, ಮುಗದಳಲ್ಲ!" ಎಂದ ಆಯಿ ಪರದೆಯೆದುರು ಕೂತೇಬಿಟ್ಟರು. ಉಳಿದ ಹೆಂಗಸರೂ ಹತ್ತಿರ ಸರಿದರು. "ಖರೆ ಹೇಳವಾ. ಈ ಸೂಜಿ ಹಾಕಿಸಿದ್ರ ನಮ್ಮ ಸುವರ್ಣಾಗ ಮುಂದ ಮಕ್ಕಳಾಗತಾವಿಲ್ಲೋ?"

ನಾನು ಗಡಿಬಿಡಿಯಲ್ಲಿ ಧ್ವನಿ ಏರಿಸಿದೆ. "ಇದರಿಂದ ಮಕ್ಕಳಾಗಾಕ ಏನೂ ತೊಂದರಿ ಇಲ್ಲರಿ. ಕ್ಯಾನ್ಸರ್ ಬರದಂಗ ಕಾಯಾಕ ಈ ಲಸಿಕಿ ಕೊಡತಾರ್ರಿ," ಎಂದಳು ಆರೋಗ್ಯಕ್ಕ. ಮೊದಲೂ ಇದನ್ನೇ ಹೇಳಿದ್ದಳು. ಈ ಸಲ ಆಯಿ ಕೇಳಿಸಿಕೊಂಡರು.

"ನಿಮ್ಮವ್ವಗ ಇದು ಸಿಗಲಿಲ್ಲ," ಎಂದು ಮೊಮ್ಮಗಳ ತಲೆ ಸವರಿದರು. "ನೀ ಎಲ್ಲಾರಕಿಂತ ಮುಂದ ನಿಂದ್ರು."

ಲಸಿಕೆಯ ದಿನ ಇಡೀ ಕೇರಿ ವಿಹಾರದ ಅಂಗಳದಲ್ಲಿತ್ತು. ಸುವರ್ಣಾ ಕುಸ್ತಿ ಗೆದ್ದವಳಂತೆ ತೋಳೆತ್ತಿಕೊಂಡು ಹೊರಬಂದಳು. ಅವಳ ಹಿಂದೆ ಉಳಿದ ಹುಡುಗಿಯರು, ಒಬ್ಬಳೂ ತಪ್ಪದೆ. ಆಯಿ ಎಲ್ಲರಿಗೂ ಶಿರಾ ಬಡಿಸಿದರು. ನನಗಿನ್ನೂ ಆ ಕೈಗಳದೇ ಯೋಚನೆ. "ಮಾರಿ ಯಾಕ ಹಂಗ ಮಾಡೀ ತಮ್ಮಾ? ಗೆದ್ದೀಯಲ್ಲ, ತಿನ್ನು!" ಎಂದರು. ತಿಂದೆ. ಅಂಥ ಸಂತೋಷ ನನ್ನ ಕೆಲಸದಲ್ಲಿ ಹಿಂದೆಂದೂ ಸಿಕ್ಕಿರಲಿಲ್ಲ. ಸುದ್ದಿ ಹಬ್ಬಿ ಸವದತ್ತಿ, ಬೈಲಹೊಂಗಲ ಕಡೆಯಿಂದಲೂ ಕರೆ ಬಂದವು. ಅಲ್ಲಿಯ ಹುಡುಗಿಯರೂ ಸಾಲು ನಿಂತರು.

ಆರೋಗ್ಯಕ್ಕ ಮಾತ್ರ ಮತ್ತೆಂದೂ ಕೈ ಮುಗಿಯಲಿಲ್ಲ. ಯಾರೂ ಇಲ್ಲದಾಗ ನಾನೇ ಎದುರು ನಿಂತು ಎಷ್ಟೋ ಸಲ ಕೈ ಮುಗಿದು ನೋಡಿದ್ದೇನೆ. ಆಯಿಯ ಪ್ರತಿಬಿಂಬ ಗಾಜಿನಲ್ಲಿ ಕಂಡಿರಬೇಕು ಎಂದುಕೊಂಡೆ. ಆದರೆ ಆಯಿಯದು ಬರಿಗೈ, ಬಳೆಯಿಲ್ಲ. ಕೈಗಳು ಪರದೆಯ ಅಂಚಿನ ಕೆಳಗಿರಬಹುದು, ಆರೋಗ್ಯಕ್ಕನನ್ನು ರೂಪಿಸಿದವರೇ ನಮಸ್ಕಾರದ ಚಲನೆ ಸೇರಿಸಿ ಮರೆತಿರಬಹುದು ಎಂಬ ಸಮಾಧಾನವೊಂದು ಉಳಿದಿತ್ತು. ಕೊನೆಗೆ ಆ ಚಿತ್ರ ಬರೆದ ಕಲಾವಿದೆಯನ್ನೇ ಹುಡುಕಿ ಹೋದೆ. ಆಕೆ ಮೂಲ ಚಿತ್ರವನ್ನು ಪೂರ್ತಿಯಾಗಿ ತೆರೆದು ತೋರಿಸಿದಳು. ಅದು ಭುಜದ ಕೆಳಗೆ ಮುಗಿದಿತ್ತು. ಆರೋಗ್ಯಕ್ಕನಿಗೆ ಕೈಗಳನ್ನು ಬರೆದೇ ಇರಲಿಲ್ಲ.